ಅನುಮಾನದ ದೊಮಿತಿಲಾ ಇಂಗ್ಲಿಷ್ ಕಲಿತದ್ದು

ದೊಮಿತಿಲಾ ಆರೆಗೀನ್ ಯಾರನ್ನೂ ಸುಲಭವಾಗಿ ನಂಬುವ ಹೆಂಗಸಲ್ಲ. ಹಾಲಿನ ಡಬ್ಬಿಯ ಮೇಲೆ ಯಾವ ತಾರೀಖು ಅಚ್ಚಾಗಿದ್ದರೂ ಮೂಸಿ ನೋಡದೆ ಒಲೆಗಿಡುತ್ತಿರಲಿಲ್ಲ. ರೇಡಿಯೋದವರು ಬಿಸಿಲು ಎಂದರೆ ಕೊಡೆ ಹಿಡಿದು ಹೊರಡುತ್ತಿದ್ದಳು. ಭಾನುವಾರ ಪಾದ್ರಿಯ ಪ್ರವಚನ ಸ್ವಲ್ಪ ಉದ್ದವಾದರೆ ಸಾಕು, ಇವರಿಗೆ ಇವತ್ತು ಏನೋ ಬೇಕಾಗಿದೆ ಎಂದು ಗಂಡನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಬಹಳ ಸಲ ಪ್ರವಚನದ ಕೊನೆಯಲ್ಲಿ ಚರ್ಚಿನ ಚಾವಣಿ ಸೋರುವ ಮಾತು ಬಂದೂ ಬರುತ್ತಿತ್ತು. ಅವಳನ್ನು ಕೆಡಿಸಿದ್ದೇ ಅದು. ಅನುಮಾನದವರಿಗೆ ಆಗಾಗ ತಮ್ಮ ಅನುಮಾನ ನಿಜವಾಗಿಬಿಟ್ಟರೆ ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ.

ಮೆಕ್ಸಿಕೋದ ಮಿಚೋಆಕಾನಿನ ಬೆಟ್ಟದೂರೊಂದರಿಂದ ಗಂಡ ಚೋನ್ ಜೊತೆ ಅಮೆರಿಕದ ಯಾಕಿಮಾ ಕಣಿವೆಗೆ ಬಂದ ವರ್ಷವೇ ಅವಳು ಬೊದೇಗಾ ಸೇರಿದ್ದು. ಬೊದೇಗಾ ಎಂದರೆ ಸೇಬು ತೊಳೆದು, ಆರಿಸಿ, ಪೆಟ್ಟಿಗೆಗೆ ತುಂಬುವ ದೊಡ್ಡ ಶೆಡ್ಡು. ಕಣಿವೆಯ ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಸವೆದಿದ್ದಾರೆ. ಬೆಲ್ಟಿನ ಮೇಲೆ ಸೇಬು ಉರುಳಿಕೊಂಡು ಬರುತ್ತವೆ. ಪೆಟ್ಟು ತಿಂದದ್ದು, ತೊಟ್ಟು ಚುಚ್ಚಿದ್ದು, ಬಿಸಿಲಿಗೆ ಬೆಂದದ್ದು ಕಂಡ ಕೂಡಲೇ ಕೈ ಹಾಕಿ ಎತ್ತಿ ಆಚೆ ಒಗೆಯಬೇಕು. ಕಣ್ಣಿಗೂ ಕೈಗೂ ಬಿಡುವಿಲ್ಲ, ಕಾಲಿಗಂತೂ ಕೂರುವುದೇ ಇಲ್ಲ. ಸಿಮೆಂಟು ನೆಲದ ಥಂಡಿ ಬೂಟು ತೂರಿ ಮೇಲೇರಿ, ಮಗ ಎಫ್ರಾಯಿನ್ ಮದುವೆಯಾಗುವ ಹೊತ್ತಿಗೆ ದೊಮಿತಿಲಾಳ ಎರಡೂ ಮಂಡಿ ಕೈಕೊಟ್ಟಿದ್ದವು. ಬೊದೇಗಾದ ಇನ್ನೊಂದು ತುದಿಯಲ್ಲಿ ಚೀಲಗಳಿಗೆ ಚೀಟಿ ಅಂಟಿಸುವ ಬೆಂಚಿತ್ತು. ಅಲ್ಲಿ ಸ್ಟೂಲಿನ ಮೇಲೆ ಕೂತೇ ಕೆಲಸ, ಸಂಬಳವೂ ಅಷ್ಟೇ. ಆ ಸ್ಟೂಲೊಂದು ಸಿಕ್ಕರೆ ಅವಳಿಗೆ ಬೇರೆ ಯಾವ ಸ್ವರ್ಗವೂ ಬೇಡವಾಗಿತ್ತು.

ಸ್ಟೂಲು ಕೊಡಬೇಕಾದವನು ಫೋರ್‌ಮನ್ ಕ್ರೇಗ್. ಅವನಿಗೆ ಸ್ಪ್ಯಾನಿಷ್ ಬಾರದು, ಇವಳಿಗೆ ಇಂಗ್ಲಿಷ್ ಬಾರದು. ನಡುವೆ ಎರ್ಲಿಂದಾ ಇದ್ದಳು. ಎರ್ಲಿಂದಾ ಸಾಲ್ಗಾದೋ ಹರೆಯದಲ್ಲಿ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡಿ ಇಂಗ್ಲಿಷ್ ಕಲಿತವಳು. ಗುಡಿಸು, ಒರೆಸು, ತಡಿ, ಬಾ, ಆಮೇಲೆ ನೋಡೋಣ ಎನ್ನುವಂಥ ಅಡುಗೆಮನೆ ಇಂಗ್ಲಿಷ್ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಇಡೀ ಸಾಲಿನ ಪರವಾಗಿ ಕ್ರೇಗ್ ಜೊತೆ ಮಾತಾಡುವವಳು ಅವಳೇ. ದೊಮಿತಿಲಾಳಿಗೆ ಅವಳು ಬರೀ ಗೆಳತಿಯಲ್ಲ, ಕೊಮಾದ್ರೆ. ಎಫ್ರಾಯಿನ್‌ನನ್ನು ಎತ್ತಿಕೊಂಡು ಜ್ಞಾನಸ್ನಾನಕ್ಕೆ ನಿಂತ ಧರ್ಮತಾಯಿ ಅವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿಲ್ಲ, ಏಕವಚನ ಆಡಿಲ್ಲ. ಒಡಹುಟ್ಟಿದವಳ ಜೊತೆ ಜುಟ್ಟು ಹಿಡಿದು ಜಗಳವಾಡಬಹುದು, ಕೊಮಾದ್ರೆಯ ಮುಂದೆ ದನಿ ಎತ್ತುವಂತಿಲ್ಲ. ದೇವರ ಮುಂದೆ ಆದ ನಂಟು ಅದು.

ಬೆಲ್ಟು ಹರಿಯುವ ದಿಕ್ಕಿನಲ್ಲಿ ಮೊದಲು ಎರ್ಲಿಂದಾ, ಅವಳ ಕೆಳಗೆ ದೊಮಿತಿಲಾ. ಮೇಲಿನವರು ಬಿಟ್ಟ ಹಣ್ಣನ್ನು ಕೆಳಗಿನವರು ಹಿಡಿಯಬೇಕು. ಈಚೆಗೆ ಎರ್ಲಿಂದಾ ಬಿಡುವ ಹಣ್ಣು ಹೆಚ್ಚಾಗಿತ್ತು. ಎಂಥೆಂಥ ಕೊಳೆತ ಹಣ್ಣು ಅವಳ ಮೂಗಿನ ಕೆಳಗೇ ಹಾದು ಬರುತ್ತಿದ್ದವು. ಫೋರ್‌ಮನ್ನನ ಬಲಗೈ ತಾನು ಅನ್ನುವ ಸೊಕ್ಕು, ಕೈ ಬಗ್ಗುತ್ತಿಲ್ಲ ಎಂದು ದೊಮಿತಿಲಾ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ತಾನೇ ಎತ್ತಿ ಹಾಕುತ್ತಿದ್ದಳು. ಬಾಯಿ ಬಿಟ್ಟು ಹೇಳುವಂತಿರಲಿಲ್ಲವಲ್ಲ.

ಪ್ರತಿ ಸುಗ್ಗಿಯಲ್ಲೂ ಅವಳು ಕೇಳುತ್ತಿದ್ದಳು.

"ಕೊಮಾದ್ರೆ, ಆ ಕೂರೋ ಕೆಲಸದ ವಿಷಯ ಕ್ರೇಗ್ ಹತ್ರ ಒಂದ್ ಮಾತು ಹಾಕ್ತೀರಾ?"

ಎರ್ಲಿಂದಾ ಹೋಗುತ್ತಿದ್ದಳು. ದೂರದಲ್ಲಿ ಅವನ ಜೊತೆ ಕೈ ಆಡಿಸಿ ಮಾತಾಡುತ್ತಿದ್ದಳು, ಅವನು ನಗುತ್ತಿದ್ದ, ಇವಳೂ ನಗುತ್ತಿದ್ದಳು. ಆಮೇಲೆ ಮುಖ ಚಿಕ್ಕದು ಮಾಡಿಕೊಂಡು ಬಂದು, "ಈ ಸಲ ಆಗಲ್ವಂತೆ ಕೊಮಾದ್ರೆ, ಮುಂದಿನ ಸೀಸನ್‌ಗೆ ನೋಡೋಣ ಅಂದ್ರು" ಎನ್ನುತ್ತಿದ್ದಳು.

ಆಗಲ್ಲ ಅನ್ನುವುದಕ್ಕೆ ಅಷ್ಟು ನಗುವುದೇಕೆ? ದೊಮಿತಿಲಾಳ ಹೊಟ್ಟೆಯಲ್ಲಿ ಹುಳ ಬಿದ್ದದ್ದು ಆಗಲೇ. ಆ ವರ್ಷ ಮೆಕ್ಸಿಕೋದ ಗೆರೆರೋ ಕಡೆಯಿಂದ ಬಂದ ಒಬ್ಬ ಹೊಸ ಹುಡುಗಿಗೆ ನೇರವಾಗಿ ಬೆಂಚಿನಲ್ಲೇ ಜಾಗ ಸಿಕ್ಕಿತು. ಹುಳ ಹಾವಾಯಿತು.

"ಅವಳು ಕೇಳ್ತಾನೇ ಇಲ್ಲ" ಎಂದಳು ಗಂಡನ ಹತ್ತಿರ, ಬೀನ್ಸ್ ಕುದಿಸುತ್ತಾ.

ಚೋನ್ ತೋಟಗಳಲ್ಲಿ ಮರ ಸವರುವ ಕೆಲಸದವನು, ಮಾತು ಕಡಿಮೆ. "ಯಾರು?"

"ಕೊಮಾದ್ರೆ. ನನ್ ಹೆಸರಲ್ಲಿ ಹೋಗಿ ಇನ್ನೇನೋ ಮಾತಾಡ್ಕೊಂಡ್ ಬರ್ತಾಳೆ."

"ಏ ಮುದುಕಿ, ನಿನಗೇನ್ ಗೊತ್ತು ಅವಳು ಏನ್ ಮಾತಾಡ್ತಾಳೆ ಅಂತ? ನಿನಗೆ ಇಂಗ್ಲಿಷೇ ಬರಲ್ಲ."

"ಅದಕ್ಕೇ ಹೇಳಿದ್ದು."

ಚೋನ್‌ಗೆ ಇದರ ತಲೆಬುಡ ತಿಳಿಯಲಿಲ್ಲ, ತಟ್ಟೆ ಮುಂದೆ ಎಳೆದುಕೊಂಡ. ಆದರೆ ದೊಮಿತಿಲಾ ಅಂದೇ ನಿರ್ಧಾರ ಮಾಡಿಬಿಟ್ಟಿದ್ದಳು. ಕೊಮಾದ್ರೆಯನ್ನು ಪ್ರಶ್ನೆ ಮಾಡುವಂತಿಲ್ಲ ಸರಿ. ಕೊಮಾದ್ರೆ ಆಡುವ ಮಾತನ್ನು ಅರ್ಥ ಮಾಡಿಕೊಳ್ಳಬಾರದು ಎಂದು ಯಾವ ದೇವರೂ ಹೇಳಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಮಿಸ್ ಲೊರೇನ್ ಎನ್ನುವ ನಿವೃತ್ತ ಟೀಚರಮ್ಮ ಪುಕ್ಕಟೆ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಪುಕ್ಕಟೆ ಎಂದ ಕೂಡಲೇ ದೊಮಿತಿಲಾಳಿಗೆ ಅರ್ಧ ಮನಸ್ಸು ಹಿಂದಕ್ಕೆ ಹೋಯಿತು. ಕದ ಹಾಕಿಕೊಂಡು ಬೈಬಲ್ ಮಾರುತ್ತಾರೋ, ವಿಮೆ ಮಾರುತ್ತಾರೋ ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲೇ, ಕೋಟು ಬಿಚ್ಚದೆ ಕೂತಳು.

ಮೊದಲ ದಿನವೇ ಟೀಚರಮ್ಮ ತನ್ನ ಹರಕುಮುರುಕು ಸ್ಪ್ಯಾನಿಷಿನಲ್ಲಿ ಹೇಳಿದ ಮಾತು ಅವಳ ಅನುಮಾನವನ್ನು ಇಮ್ಮಡಿಸಿತು. "ನಿಮಗೆಲ್ಲ ಆಗಲೇ ಸಾವಿರಾರು ಇಂಗ್ಲಿಷ್ ಪದ ಬರುತ್ತೆ. ನಿಮಗೇ ಗೊತ್ತಿಲ್ಲ ಅಷ್ಟೇ." ಎರಡೂ ಭಾಷೆ ಹಳೇ ಲ್ಯಾಟಿನ್ ಬುಟ್ಟಿಯಿಂದ ಕೈತುಂಬ ಪದ ಎತ್ತಿಕೊಂಡಿವೆಯಂತೆ. ನಮ್ಮ ಪದದ ಬಾಲ ಕತ್ತರಿಸಿ ಅವರ ಬಾಲ ಅಂಟಿಸಿ, ಬಾಯಿ ಸ್ವಲ್ಪ ಸೊಟ್ಟ ಮಾಡಿ ಹೇಳಿದರೆ ಇಂಗ್ಲಿಷ್ ಆಯಿತಂತೆ. ಸೊಟ್ಟಬಾಯಿಯಲ್ಲಿ ಅವರು ಹೇಳಿದ್ದರೊಳಗೆ ನಮ್ಮ ಪದದ ಮೂಳೆ ಎಲ್ಲಿದೆ ಎಂದು ಕಿವಿಯಿಂದ ತಡಕಿ ಹಿಡಿಯುವುದನ್ನೂ ಅವಳು ಕಲಿಸಿದಳು.

ಇಷ್ಟು ವರ್ಷ ಕಷ್ಟವಾಗಿದ್ದದ್ದು ಒಂದೇ ಮಧ್ಯಾಹ್ನಕ್ಕೆ ಸುಲಭವಾದರೆ ಅದರಲ್ಲಿ ಏನೋ ಮೋಸ ಇರಲೇಬೇಕು. ದೊಮಿತಿಲಾ ತನ್ನದೇ ಒಂದು ಕಾನೂನು ಮಾಡಿಕೊಂಡಳು. ಟೀಚರಮ್ಮ ಕೊಟ್ಟ ಪದವನ್ನು ಮೂರು ಬೇರೆ ಬೇರೆ ಬಾಯಿಂದ ಕೇಳುವ ತನಕ ಒಪ್ಪಿಕೊಳ್ಳುವುದಿಲ್ಲ. ಟಿವಿಯವರ ಬಾಯಿ ಲೆಕ್ಕಕ್ಕಿಲ್ಲ, ಅವರು ಸುಳ್ಳು ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವರು. ಹಾಗಾಗಿ ಅವಳು ಕಿವಿ ಹೊತ್ತುಕೊಂಡು ತಿರುಗತೊಡಗಿದಳು. ಬ್ಯಾಂಕಿನ ಸಾಲಿನಲ್ಲಿ ಕೆಲಸವಿಲ್ಲದೆ ನಿಂತಳು. ಕೋರ್ಟಿನ ಕಟ್ಟಡದ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದಳು, ಏಕೆಂದರೆ ಟೀಚರಮ್ಮನ ಪದಗಳು ಅಲ್ಲೇ ಹೆಚ್ಚು ಓಡಾಡುತ್ತಿದ್ದವು. ಕಿರಾಣಿ ಅಂಗಡಿಯಲ್ಲಿ ಒಂದೂ ಸಿಗುತ್ತಿರಲಿಲ್ಲ. ಅದು ಯಾಕೆ ಎಂದು ಅವಳು ಯೋಚಿಸಲಿಲ್ಲ. ಇಂಥ ವಿಷಯದಲ್ಲೇ ಅವಳ ಅನುಮಾನ ಕೆಲಸ ಮಾಡದೆ ಹೋದದ್ದು.

ಕಾರಣ ಇಷ್ಟೇ. ಇಂಗ್ಲಿಷಿನವರು ಉಣ್ಣುವುದಕ್ಕೆ, ಬೈಯುವುದಕ್ಕೆ, ಮಗುವಿನ ಮೂಗು ಒರೆಸುವುದಕ್ಕೆ ತಮ್ಮದೇ ಚಿಕ್ಕ ಚಿಕ್ಕ ಪದ ಇಟ್ಟುಕೊಂಡಿದ್ದಾರೆ. ಲ್ಯಾಟಿನ್ ಬುಟ್ಟಿಯ ದೊಡ್ಡ ಪದಗಳನ್ನು ಅವರು ಬಳಸುವುದು ವಕೀಲರ ನೋಟಿಸಿಗೆ, ಸರ್ಕಾರದ ಆಜ್ಞೆಗೆ. ನಮ್ಮ ಸ್ಪ್ಯಾನಿಷಿನಲ್ಲೋ ಅವು ಮನೆಬಳಕೆಯ ಮಾತು. ಅಡುಗೆಯವಳೊಬ್ಬಳು ನಿಮ್ಮ ಕನ್ನಡ ಕಲಿಯುವಾಗ ಬರೀ ಸಂಸ್ಕೃತ ಪದಗಳನ್ನೇ ಆರಿಸಿಕೊಂಡು, ಸ್ವಲ್ಪ ಸರಿಯಿರಿ ಅನ್ನುವ ಬದಲು ಸ್ಥಾನಾಂತರಕ್ಕೆ ಸಮ್ಮತಿಸಿರಿ ಎಂದರೆ ಹೇಗಿರುತ್ತದೋ ದೊಮಿತಿಲಾಳ ಇಂಗ್ಲಿಷ್ ಹಾಗಾಯಿತು. ಪಕ್ಕದ ಮನೆಯ ಬಿಳಿಯನ ನಾಯಿ ಹಗಲೆಲ್ಲ ಬೊಗಳುತ್ತಿತ್ತು. ಅವಳು ಬೇಲಿಯ ಹತ್ತಿರ ಹೋಗಿ, ತನಗೆ ಬಂದ ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದಳು: "ಮಹಾಶಯರೇ, ತಮ್ಮ ಪ್ರಾಣಿಯ ವರ್ತನೆಯು ಅಸಹನೀಯ. ಸಮಸ್ಯೆಗೆ ಪರಿಹಾರ ಅವಶ್ಯ." ಮರುದಿನ ನಾಯಿ ಇರಲಿಲ್ಲ. ಅವನು ಅದನ್ನು ತಮ್ಮನ ಮನೆಗೆ ಸಾಗಿಸಿಬಿಟ್ಟಿದ್ದ. ಅಂದಿನಿಂದ ಇವಳನ್ನು ಕಂಡರೆ ಟೋಪಿ ಮುಟ್ಟಿ ಸರಿದು ಹೋಗುತ್ತಿದ್ದ.

"ಏನಂದೆ ಅವನಿಗೆ?" ಎಂದ ಚೋನ್.

"ನಾಯಿ ಗಲಾಟೆ ಮಾಡುತ್ತೆ ಅಂದೆ."

"ಅಷ್ಟಕ್ಕೇ ಅವನು ನಿನ್ನ ಕಂಡ್ರೆ ನಡುಗ್ತಾನಾ?"

"ಏನೋ ತಪ್ಪು ಮಾಡಿರ್ತಾನೆ. ಇಲ್ದಿದ್ರೆ ಯಾಕ್ ಹೆದರ್ತಾನೆ?" ಎಂದಳು ದೊಮಿತಿಲಾ, ಬೇಲಿಯ ಕಡೆ ಕಣ್ಣಿಟ್ಟು.

ಸುಗ್ಗಿ ಮತ್ತೆ ಬಂತು. ಈ ಸಲ ಅವಳು ಕೊಮಾದ್ರೆಯನ್ನು ಕೇಳಲಿಲ್ಲ. ಬೆಲ್ಟು ನಿಂತ ಹೊತ್ತು ನೋಡಿ ಕೂದಲ ಬಲೆ ಸರಿಪಡಿಸಿಕೊಂಡು ನೆಟ್ಟಗೆ ಕ್ರೇಗ್‌ನ ಮುಂದೆ ಹೋಗಿ ನಿಂತಳು. ವಾರಗಟ್ಟಲೆ ಬಾಯಿಪಾಠ ಮಾಡಿದ್ದ ಮಾತನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು.

"ಮಹಾಶಯರೇ, ನನ್ನ ಸ್ಥಾನದ ಪರಿವರ್ತನೆಯ ಮನವಿಗೆ ಪ್ರತ್ಯುತ್ತರ ಅಪೇಕ್ಷಿಸುತ್ತೇನೆ. ಪರಿಸ್ಥಿತಿಯು ಅಸಹನೀಯ. ಇದು ಅನ್ಯಾಯ."

ಕ್ರೇಗ್‌ನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. "ತಡಿ ತಡಿ. ಯಾರಮ್ಮ ಹೇಳಿಕೊಟ್ಟಿದ್ದು ನಿಂಗೆ ಇದನ್ನೆಲ್ಲ?" ಎಂದು ಕೇಳಿದ. ಎಲ್ಲ ಚಿಕ್ಕ ಪದಗಳು. ಅವುಗಳಲ್ಲಿ ಒಂದಕ್ಕಾದರೂ ಮೂಳೆ ಇರಲಿ ಎಂದು ದೊಮಿತಿಲಾ ಕಿವಿಯಿಂದ ತಡಕಾಡಿದಳು, ಏನೂ ಸಿಗಲಿಲ್ಲ. ಸಿಗದಿದ್ದುದರಿಂದ ಹೇಳಿದ್ದನ್ನೇ ಇನ್ನೊಮ್ಮೆ, ಇನ್ನೂ ನಿಧಾನವಾಗಿ ಹೇಳಿದಳು. ಅವನು ತಲೆಯ ಟೋಪಿ ತೆಗೆದ.

ಊಟದ ಹೊತ್ತಿಗೆ ಬೊದೇಗಾ ತುಂಬ ಗುಸುಗುಸು. ದೊಮಿತಿಲಾ ವಕೀಲನನ್ನು ಹಿಡಿದಿದ್ದಾಳೆ ಎಂದು ಒಬ್ಬರು. ಅಲ್ಲ, ಕಾರ್ಮಿಕ ಸಂಘದವರು ಅವಳನ್ನು ಒಳಗೆ ಬಿಟ್ಟಿದ್ದಾರೆ ಎಂದು ಇನ್ನೊಬ್ಬರು. ಇಷ್ಟು ವರ್ಷ ಇಂಗ್ಲಿಷ್ ಬಾರದ ಹಾಗೆ ನಟಿಸಿದ್ದಾಳೆ, ಸರ್ಕಾರದ ಕಡೆಯವಳು ಎಂದು ಗೆರೆರೋ ಹುಡುಗಿ ಆಣೆ ಮಾಡಿದಳು. ಕೆಲವರು ಅವಳ ಟೇಬಲ್ಲಿನಿಂದ ಎದ್ದು ಹೋದರು, ಕೆಲವರು ಮೆಕ್ಕೆಜೋಳದ ಕಡುಬು ತಮಾಲೆ ತಂದಿಟ್ಟು ಹಲ್ಲು ಕಿರಿದರು. ಎರಡೂ ಥರದವರನ್ನು ದೊಮಿತಿಲಾ ಒಂದೇ ಕಣ್ಣಿಂದ ನೋಡಿದಳು. ತಮಾಲೆಯನ್ನು ಮುಟ್ಟಲಿಲ್ಲ.

ಎರ್ಲಿಂದಾ ಬಂದು ಎದುರಿಗೆ ಕೂತಳು. ಮುಖ ಬಿಳಿಚಿತ್ತು.

"ಕೊಮಾದ್ರೆ, ನಿಮ್ಮ ಹಿಂದೆ ಯಾರಿದಾರೆ?"

"ನನ್ನ ಹಿಂದೆ ಯಾರಿರ್ತಾರೆ ಕೊಮಾದ್ರೆ. ಗೋಡೆ ಇದೆ."

"ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ ಅವನಿಗೆ."

"ನೀವು ಹೇಳ್ತಾನೇ ಇದೀರಲ್ಲ, ಇಷ್ಟು ವರ್ಷದಿಂದ" ಎಂದಳು ದೊಮಿತಿಲಾ, ಬಹಳ ಮರ್ಯಾದೆಯಿಂದ.

ಅದೇ ವಾರ ಆಫೀಸಿನಿಂದ ಕರೆ ಬಂತು. ಮೇಜಿನ ಹಿಂದೆ ಇಲ್ಲಿಯ ತನಕ ಯಾರೂ ಹತ್ತಿರದಿಂದ ನೋಡಿರದ ಹಾಲ್ವರ್‌ಸನ್ ಎಂಬ ದೊಡ್ಡ ಮನುಷ್ಯ, ಬಾಗಿಲ ಹತ್ತಿರ ಕ್ರೇಗ್. ಭಾಷಾಂತರಕ್ಕೆಂದು ಎರ್ಲಿಂದಾಳನ್ನು ಪಕ್ಕದಲ್ಲೇ ಕೂರಿಸಿದ್ದರು. ಹಾಲ್ವರ್‌ಸನ್ ದೊಮಿತಿಲಾಳ ಕೈಚೀಲದ ಕಡೆಗೇ ನೋಡುತ್ತಿದ್ದ. ಅದರೊಳಗೆ ಮಾತು ಮುದ್ರಿಸಿಕೊಳ್ಳುವ ಯಂತ್ರ ಇದೆ ಎಂದು ಅವನ ಗುಮಾನಿ. ಇದ್ದದ್ದು ಮಂಡಿಗೆ ಹಚ್ಚುವ ಮುಲಾಮು. ವಕೀಲನ ಕಿವಿಗೆ ಬೀಳಬಹುದಾದ ಮಾತೆಂದು ಅವನು ಒಂದೊಂದು ಪದವನ್ನೂ ತೂಗಿ, ಬಲು ಗಂಭೀರವಾದ ಇಂಗ್ಲಿಷಿನಲ್ಲಿ ಶುರು ಮಾಡಿದ.

"ಕಂಪನಿಯು ಈ ಪ್ರಕರಣವನ್ನು ಪರಿಶೀಲಿಸಿದೆ. ಇದಕ್ಕೆ ಪೂರ್ವದಲ್ಲಿ ತಮ್ಮಿಂದ ಅಥವಾ ತಮ್ಮ ಪ್ರತಿನಿಧಿಯಿಂದ ಯಾವುದೇ ಮನವಿ ಸ್ವೀಕೃತವಾಗಿಲ್ಲ. ಸ್ಥಾನದ ಪರಿವರ್ತನೆಗೆ ಕಂಪನಿಯ ಆಕ್ಷೇಪಣೆ ಇಲ್ಲ."

ಆಮೇಲೆ ಎರ್ಲಿಂದಾಳ ಕಡೆ ತಿರುಗಿ, ಸೋಮವಾರದಿಂದ ಕೂತು ಕೆಲಸ ಮಾಡಲಿ ಎಂದು ಹೇಳು ಎಂದ.

ಹೆದರಿದ ಮನುಷ್ಯ ದೊಡ್ಡ ಪದ ಹಿಡಿದದ್ದೇ ಇವಳಿಗೆ ವರವಾಯಿತು. ಅವನ ಸೊಟ್ಟಬಾಯಿಯಿಂದ ಒಂದೊಂದೇ ಪದ ಹೊರಬಿದ್ದ ಹಾಗೆ ದೊಮಿತಿಲಾ ಅದರ ಮೂಳೆ ಮುಟ್ಟಿ ಗುರುತಿಸುತ್ತಾ ಹೋದಳು. ಪೂರ್ವದಲ್ಲಿ ಯಾವ ಮನವಿಯೂ ಇಲ್ಲ. ಆಕ್ಷೇಪಣೆ ಇಲ್ಲ. ಇಷ್ಟು ವರ್ಷ ಕೊಮಾದ್ರೆ ಒಮ್ಮೆಯೂ ಕೇಳಿರಲಿಲ್ಲ. ಅವಳ ಅನುಮಾನ ನೂರಕ್ಕೆ ನೂರು ನಿಜವಾಗಿತ್ತು, ಮತ್ತು ಮೊದಲ ಸಲ ಅದರಿಂದ ಅವಳಿಗೆ ಖುಷಿಯಾಗಲಿಲ್ಲ.

ಎರ್ಲಿಂದಾ ತುಟಿ ಒದ್ದೆ ಮಾಡಿಕೊಂಡಳು. ನೆಲ ನೋಡುತ್ತಾ ಸ್ಪ್ಯಾನಿಷಿನಲ್ಲಿ ಹೇಳಿದಳು: "ಈ ಸಲ ಜಾಗ ಖಾಲಿ ಇಲ್ವಂತೆ ಕೊಮಾದ್ರೆ. ಇನ್ನೂ ಸ್ವಲ್ಪ ದಿನ ತಡೀಬೇಕಂತೆ."

ಮಾತು ತಿದ್ದಿಕೊಳ್ಳಲು ಅವಳಿಗೆ ಒಂದು ಅವಕಾಶ ಕೊಡಬೇಕು ಅನ್ನಿಸಿತು ದೊಮಿತಿಲಾಳಿಗೆ. ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. ಎರ್ಲಿಂದಾ ತಲೆ ಎತ್ತಲಿಲ್ಲ. ಆಗ ದೊಮಿತಿಲಾ ಮೇಜಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸ್ವೀಕರಿಸುತ್ತೇನೆ."

ಹಾಲ್ವರ್‌ಸನ್ ಎದ್ದು ಕೈಕುಲುಕಿದ. ಈ ಬಗ್ಗೆ ಅವಳ ವಕೀಲರ ಜೊತೆ ತಾನು ಮಾತಾಡಬೇಕೇ ಎಂದು ಮೆಲ್ಲಗೆ ಕೇಳಿದ. "ಅನವಶ್ಯ" ಎಂದಳು ಅವಳು. ಅವನು ಕೂತು ಹಣೆ ಒರೆಸಿಕೊಂಡ. ಕ್ರೇಗ್ ಮಾತ್ರ ಎರ್ಲಿಂದಾಳ ಮುಖವನ್ನೇ ನೋಡುತ್ತಿದ್ದ. ಅವಳು ಹೇಳಿದ್ದೇನು ಎಂದು ಅವನಿಗೆ ಗೊತ್ತಾಗಿರಲಿಲ್ಲ, ಏನೋ ಎಡವಟ್ಟಾಗಿದೆ ಎಂದು ಮಾತ್ರ ಗೊತ್ತಾಗಿತ್ತು.

ಸೋಮವಾರ ದೊಮಿತಿಲಾ ಸ್ಟೂಲಿನ ಮೇಲೆ ಕೂತಳು. ಮಂಡಿಗಳು ಬೇರೆ ಯಾರದೋ ಎನ್ನುವಷ್ಟು ಹಗುರಾದವು. ಮನಸ್ಸು ಮಾತ್ರ ಕೂರಲಿಲ್ಲ. ಯಾಕೆ ಮಾಡಿದಳು ಅವಳು? ಕ್ರೇಗ್ ಏನಾದರೂ ಕೊಡುತ್ತಿದ್ದನೇ? ಗೆರೆರೋ ಹುಡುಗಿ ಅವಳ ನೆಂಟಳೇ? ಅಥವಾ ನಾನು ಕೂತು ತಿನ್ನುವುದನ್ನು ನೋಡಲಾರದ ಹೊಟ್ಟೆಕಿಚ್ಚೇ? ಚೀಟಿ ಅಂಟಿಸುತ್ತಾ ಅಂಟಿಸುತ್ತಾ ಒಂದೊಂದೇ ಕಾರಣ ಹೊಸೆದು ನೋಡಿದಳು. ಯಾವುದೂ ಎರ್ಲಿಂದಾಳ ಮೈಗೆ ಹೊಂದಲಿಲ್ಲ. ಅವರಿಬ್ಬರ ನಡುವೆ ಮಾತು ನಿಂತಿತ್ತು. ಎದುರಾದರೆ "ಕೊಮಾದ್ರೆ" ಎಂದು ತಲೆಬಾಗಿ ಇಬ್ಬರೂ ದಾರಿ ಬಿಟ್ಟುಕೊಡುತ್ತಿದ್ದರು. ಆ ಮರ್ಯಾದೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಬೆಂಚಿನಿಂದ ಬೆಲ್ಟು ಪೂರ್ತಿ ಕಾಣುತ್ತಿತ್ತು. ಪಕ್ಕದಲ್ಲಿ ನಿಂತಾಗ ಎಂದೂ ಕಾಣದೆ ಇದ್ದದ್ದು ದೂರದಿಂದ ಕಂಡಿತು. ಎರ್ಲಿಂದಾ ಸೇಬನ್ನು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದಳು. ಬೆರಳು ಸವರಿ, ಮೆತ್ತಗೆ ಸಿಕ್ಕದ್ದನ್ನು ಮೂಗಿನ ಹತ್ತಿರ ತಂದು, ತಲೆ ಒಂದು ಕಡೆ ವಾಲಿಸಿ ಪರೀಕ್ಷೆ ಮಾಡುತ್ತಿದ್ದಳು. ಅಷ್ಟರಲ್ಲಿ ಹತ್ತಾರು ಹಣ್ಣು ಹಾದುಹೋಗುತ್ತಿದ್ದವು. ಅವಳ ಕೆಳಗೆ ನಿಂತ ಹೊಸಬಳು ಕೈ ಸೋತು ಕ್ರೇಗ್‌ನ ಕಡೆ ನೋಡುತ್ತಿದ್ದಳು. ಆ ವಾರವೇ ಪೇಟೆಯಿಂದ ಒಂದು ಲಾರಿ ಹಣ್ಣು ವಾಪಸ್ಸು ಬಂತು. ಕ್ರೇಗ್ ಎರ್ಲಿಂದಾಳ ಮುಂದೆ ಎರಡು ಸೇಬು ಹಿಡಿದು ಯಾವುದು ಕೆಟ್ಟದ್ದು ಎಂದು ಕೇಳಿದ. ಅವಳು ಒಳ್ಳೆಯದನ್ನು ತೋರಿಸಿದಳು. ಕಣ್ಣು ತೋರಿಸಿ, ಡಾಕ್ಟರ ಒಪ್ಪಿಗೆ ಪಡೆದೇ ಒಳಗೆ ಬರಬೇಕು ಎಂದು ಅವಳನ್ನು ಮನೆಗೆ ಕಳಿಸಿದರು.

ದೊಮಿತಿಲಾ ಏಪ್ರನ್ ಬಿಚ್ಚದೆ ಕಾರು ನಿಲ್ಲಿಸುವ ಬಯಲಿಗೆ ಓಡಿದಳು. ಎರ್ಲಿಂದಾ ತನ್ನ ಕಾರಿನ ಪಕ್ಕ ಬೀಗದ ಕೈ ಹಿಡಿದು ನಿಂತಿದ್ದಳು.

"ಯಾವಾಗಿಂದ?" ಎಂದಳು ದೊಮಿತಿಲಾ.

"ಎಫ್ರಾಯಿನ್ ಮದುವೆ ಆದ ವರ್ಷದಿಂದ. ಮೊದಲು ಬಲಗಣ್ಣು."

"ನಾನು ಕೂರೋ ಕೆಲಸ ಕೇಳೋಕೆ ಶುರು ಮಾಡಿದ್ದೂ ಆಗಲೇ."

"ಹೌದು." ಎರ್ಲಿಂದಾ ಮುಖ ಆಚೆ ತಿರುಗಿಸಿದಳು. "ನಾನು ಬಿಟ್ಟಿದ್ದನ್ನ ನೀವು ಹಿಡೀತಿದ್ರಿ. ನೀವು ಪಕ್ಕದಲ್ಲಿ ಇರೋ ತನಕ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಪ್ರತಿ ವರ್ಷ ಈ ಸಲ ಕೇಳ್ತೀನಿ ಅಂತಾನೇ ಅವನ ಹತ್ರ ಹೋಗ್ತಿದ್ದೆ. ಹೋಗಿ ಮಳೆ ಬಿಸಿಲು ಮಾತಾಡ್ಕೊಂಡು ಬರ್ತಿದ್ದೆ."

"ನನ್ನ ಮಂಡಿ ಗತಿ ಏನು?"

"ಗೊತ್ತಿತ್ತು. ನೀವು ಮೆಟ್ಟಿಲು ಇಳಿಯೋದನ್ನ ನೋಡಿದಾಗೆಲ್ಲ ನಂಗೆ ಗೊತ್ತಾಗ್ತಿತ್ತು."

ದೊಮಿತಿಲಾಳಿಗೆ ರೇಗಿತು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು, ಅದರ ಜೊತೆ ಅಳುವನ್ನೂ. "ನನ್ನ ಹತ್ರ ಒಂದ್ ಮಾತು ಹೇಳಿದ್ರೆ ನಾನು ಬಿಟ್ಟು ಹೋಗ್ತಿದ್ನಾ? ಯಾಕ್ ಹೇಳ್ಲಿಲ್ಲ?"

ಎರ್ಲಿಂದಾ ಈಗ ಅವಳ ಕಡೆ ತಿರುಗಿದಳು. "ಹೇಳಿದ್ರೆ ನೀವು ನಂಬ್ತಿದ್ರಾ ಕೊಮಾದ್ರೆ?"

ಉತ್ತರ ದೊಮಿತಿಲಾಳಿಗೆ ಗೊತ್ತಿತ್ತು. ಕಣ್ಣು ಕಾಣುವುದಿಲ್ಲ ಎಂದರೆ ಸೋಮಾರಿತನಕ್ಕೆ ನೆಪ ಎನ್ನುತ್ತಿದ್ದಳು. ಚೋನ್ ಹತ್ತಿರ ಆಡಿಕೊಳ್ಳುತ್ತಿದ್ದಳು. ಕಾಣುತ್ತದೋ ಇಲ್ಲವೋ ಎಂದು ಕದ್ದು ಪರೀಕ್ಷೆ ಮಾಡುತ್ತಿದ್ದಳು. ಎಲ್ಲದರ ಮೇಲೂ ಸಂಶಯ ಪಟ್ಟವಳು ಪಕ್ಕದಲ್ಲೇ ನಿಂತ ಹೆಂಗಸಿಗೆ ಕಣ್ಣು ಹೋಗುತ್ತಿದೆ ಎಂಬ ಒಂದೇ ಒಂದು ಸಂಶಯವನ್ನು ಪಟ್ಟಿರಲಿಲ್ಲ.

"ಬೀಗದ ಕೈ ಕೊಡಿ ಇಲ್ಲಿ" ಎಂದಳು. "ಕಣ್ಣು ಕಾಣದೆ ಗಾಡಿ ಓಡಿಸ್ತಿದ್ರಾ ಇಷ್ಟು ದಿನ? ನಾನು ಅದರಲ್ಲಿ ಬೇರೆ ಕೂರ್ತಿದ್ದೆ."

ಕಣ್ಣಿನ ಡಾಕ್ಟರು ವಾರಕ್ಕೊಮ್ಮೆ ದೊಡ್ಡೂರಿನಿಂದ ಕ್ಲಿನಿಕ್ಕಿಗೆ ಬರುತ್ತಿದ್ದರು. ದೊಮಿತಿಲಾ ರಜೆ ಹಾಕಿ ಜೊತೆಗೆ ಹೋದಳು. ನರ್ಸು ಫೋನೊಂದನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಒಬ್ಬರು ಸ್ಪ್ಯಾನಿಷ್ ಹೇಳುತ್ತಾರೆ ಎಂದು ಸನ್ನೆ ಮಾಡಿದಳು.

"ಬೇಡ" ಎಂದಳು ದೊಮಿತಿಲಾ. "ಮುಖಾನೇ ಕಾಣದವರ ಮಾತು ಯಾರು ನಂಬ್ತಾರೆ?"

"ನೀವು ಡಾಕ್ಟರನ್ನಾದ್ರೂ ನಂಬ್ತೀರಾ?" ಎಂದಳು ಎರ್ಲಿಂದಾ.

"ಇಲ್ಲ. ಅದಕ್ಕೇ ನಾನು ಬಂದಿದ್ದು."

ಎರ್ಲಿಂದಾ ನಕ್ಕಳು, ಬಹಳ ದಿನದ ಮೇಲೆ. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ದೀಪ ಹಾಕಿ, ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ ಮಾತಾಡತೊಡಗಿದರು. ಎರ್ಲಿಂದಾಳ ಅಡುಗೆಮನೆ ಇಂಗ್ಲಿಷಿಗೆ ಅದು ದಕ್ಕಲಿಲ್ಲ. ಗುಡಿಸು, ಒರೆಸು, ತಡಿ, ಯಾವುದೂ ಅದರಲ್ಲಿರಲಿಲ್ಲ. ಹೆದರಿಕೆಗೆ ಅವಳ ಕಿವಿಯೂ ಮುಚ್ಚಿದಂತಾಗಿತ್ತು. ದೊಮಿತಿಲಾಳಿಗೆ ಮಾತ್ರ ಒಂದೊಂದು ಪದವೂ ಬಟ್ಟೆ ಬಿಚ್ಚಿ ನಿಂತ ಹಾಗೆ ಅರ್ಥವಾಯಿತು. ಡಾಕ್ಟರುಗಳ ಭಾಷೆ ಪೂರ್ತಿ ಆ ಹಳೇ ಬುಟ್ಟಿಯದೇ. ಎಡಗಣ್ಣಿಗೆ ಪೊರೆ, ಶಸ್ತ್ರಕ್ರಿಯೆ ಮಾಡಿದರೆ ದೃಷ್ಟಿ ಬರುತ್ತದೆ. ಬಲಗಣ್ಣಿನ ಒಳಪದರ ಸಕ್ಕರೆ ಕಾಯಿಲೆಯಿಂದ ಹಾಳಾಗಿದೆ. ಶಾಶ್ವತ. ಪರಿಹಾರ ಅಸಾಧ್ಯ. ಎರಡು ವರ್ಷ ಮೊದಲೇ ಬಂದಿದ್ದರೆ ಸಾಧ್ಯವಿತ್ತು.

ಆ ಕೊನೆಯ ಮಾತಾದರೂ ತನಗೆ ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ದೊಮಿತಿಲಾಳಿಗೆ ಅನ್ನಿಸಿತು.

"ಏನಂದ್ರು ಕೊಮಾದ್ರೆ?" ಎರ್ಲಿಂದಾ ಅವಳ ತೋಳು ಹಿಡಿದುಕೊಂಡಳು. ಹನಿ ಬಿಟ್ಟ ಕಣ್ಣುಗಳು ಏನನ್ನೂ ಹಿಡಿಯದೆ ಅವಳ ಮುಖದ ಸುತ್ತ ತಡಕುತ್ತಿದ್ದವು.

ಈಗ ಎರಡೂ ಕಣ್ಣು ಸರಿಹೋಗುತ್ತದೆ ಎಂದುಬಿಡಬಹುದಿತ್ತು. ಕನಿಷ್ಠ ಆ ಎರಡು ವರ್ಷದ ಮಾತನ್ನು ಬಿಡಬಹುದಿತ್ತು. ಡಾಕ್ಟರಿಗೆ ಸ್ಪ್ಯಾನಿಷ್ ಬಾರದು, ಇವಳಿಗೆ ಈ ಇಂಗ್ಲಿಷ್ ಬಾರದು. ನಡುವೆ ಇದ್ದವಳು ತಾನೊಬ್ಬಳೇ, ಏನು ಹೇಳಿದರೂ ಅದೇ ಸತ್ಯ. ಪ್ರೀತಿಯಿರುವವರ ನಾಲಿಗೆ ಎಷ್ಟು ಸುಲಭವಾಗಿ ಜಾರುತ್ತದೆ ಎಂದು ದೊಮಿತಿಲಾಳಿಗೆ ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ಅವಳು ಎರ್ಲಿಂದಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಡಾಕ್ಟರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹೇಳಿದಳು. ಎಡಗಣ್ಣು, ಬಲಗಣ್ಣು. ಎರಡು ವರ್ಷದ ಮಾತನ್ನೂ ಬಿಡಲಿಲ್ಲ.

ಡಾಕ್ಟರು ಒಮ್ಮೆ ಕೆಮ್ಮಿ, ಗಡಿಯಾರ ನೋಡಿದರು.

"ಅಷ್ಟೇನಾ ಹೇಳಿದ್ದು? ಏನೂ ಮುಚ್ಚಿಟ್ಟಿಲ್ವಲ್ಲ?" ಎಂದಳು ಎರ್ಲಿಂದಾ.

"ಇಲ್ಲ ಕೊಮಾದ್ರೆ."

"ಡಾಕ್ಟರ ಹತ್ರ ಇನ್ನೊಂದ್ಸಲ ಕೇಳಿಸ್ಲಾ? ಆ ಫೋನಲ್ಲಿ ಬೇಕಾದ್ರೆ ಕೇಳಿ" ಎಂದೂ ಸೇರಿಸಿದಳು ದೊಮಿತಿಲಾ.

"ಬೇಡ" ಎಂದಳು ಎರ್ಲಿಂದಾ. ಕೈಯನ್ನು ಅವಳ ಕೈಯಲ್ಲೇ ಬಿಟ್ಟಳು. "ನೀವು ಹೇಳಿದ್ರಲ್ಲ, ಸಾಕು."

ತನಗೆ ಯಾರಾದರೂ ಇಂಥ ಮಾತು ಹೇಳಿದ್ದು ದೊಮಿತಿಲಾಳಿಗೆ ನೆನಪಿರಲಿಲ್ಲ. ತಾನು ಯಾರಿಗೂ ಹೇಳಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.